ಮಹಡಿ ನಡುವಿನ ಕಟೌಟ್‌ಗೂ ಲೆಕ್ಕ ಕೇಳಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ಪಿ.ಜೆ. ಬಡಾವಣೆ, ಅಶೋಕ ರಸ್ತೆ ಕಡೆ ಶೋರೂಂ ಕಟ್ಟಿಸುವವರೆಲ್ಲ ಈಗ ಮಹಡಿಗಳ ನಡುವೆ ದೊಡ್ಡ ಕಟೌಟ್, ಅಂದರೆ ಸ್ಲ್ಯಾಬ್ ಹಾಕದೆ ಬಿಡುವ ತೆರವು, ಕೇಳುತ್ತಾರೆ. ಒಳಗೆ ಬಂದವರಿಗೆ ತಾರಸಿವರೆಗೂ ಕಾಣಬೇಕು ಅನ್ನೋದು ಆಸೆ. ಅದು ತಪ್ಪಲ್ಲ. ಆದರೆ ಇಲ್ಲೇ ಸ್ಟ್ರಕ್ಚರಲ್ ಡಿಸೈನ್ ಮಾಡುವ ನನಗೆ ಒಂದು ಆತಂಕವಿದೆ.

ಸ್ಲ್ಯಾಬ್ ಬರೀ ಭಾರ ಹೊರುವುದಿಲ್ಲ. ಭೂಮಿ ಅಲುಗಿದಾಗ ಅಡ್ಡಡ್ಡ ಬರುವ ಬಲವನ್ನು ಕಾಲಂಗಳಿಗೆ, ಲಿಫ್ಟ್ ಗೋಡೆಗೆ ಮುಟ್ಟಿಸುವುದೂ ಅದೇ. ನಡುವೆ ತೆರವಾದರೆ ಆ ಬಲವೆಲ್ಲ ಅಕ್ಕಪಕ್ಕದ ಕಿರಿದಾದ ಪಟ್ಟಿಗಳಲ್ಲೇ ಹರಿಯಬೇಕು. ತೆರವಿನ ಮೂಲೆಗಳು ಮೊದಲು ಬಿರುಕು ಬಿಡುತ್ತವೆ.

ಲಿಫ್ಟ್ ಪಕ್ಕದಲ್ಲೇ ಕಟೌಟ್ ಬಂದರೆ ಇನ್ನೂ ಕಷ್ಟ. ಕಟ್ಟಡದಲ್ಲಿ ಎಲ್ಲಕ್ಕಿಂತ ಬಿಗಿಯಾದದ್ದು ಆ ಕಾಂಕ್ರೀಟ್ ಗೋಡೆ. ಹೆಚ್ಚು ಬಲ ಅದಕ್ಕೇ ಹೋಗಬೇಕು. ಈಚೆಗೆ ನನ್ನ ಬಳಿ ಬಂದ ಒಂದು ಪ್ಲಾನಿನಲ್ಲಿ ಒಂದು ಪಕ್ಕ ಮೆಟ್ಟಿಲು, ಎರಡು ಪಕ್ಕ ಕಟೌಟ್. ಗೋಡೆಗೆ ಸ್ಲ್ಯಾಬ್ ತಾಗುತ್ತಿದ್ದದ್ದು ಒಂದೇ ಬದಿಯಲ್ಲಿ! ಬಲ ಗೋಡೆಗೆ ಮುಟ್ಟುವುದಾದರೂ ಹೇಗೆ? ಮಾಲೀಕರನ್ನು ಕೂರಿಸಿಕೊಂಡು ವಿವರಿಸಿ, ಕಟೌಟನ್ನು ಒಂದು ಕಾಲಂ ಸಾಲು ಆಚೆಗೆ ಸರಿಸಿದೆವು. ಗೋಡೆಗೆ ಸೇರುವ ಬೀಮಿನಲ್ಲಿ ಕಬ್ಬಿಣ ಜಾಸ್ತಿ ಕೊಟ್ಟೆವು. ತೆರವಿನ ಸುತ್ತಲಿನ ರಾಡುಗಳನ್ನು ಮೂಲೆಗೇ ನಿಲ್ಲಿಸದೆ ಆಚೆಗೂ ಸಾಕಷ್ಟು ಉದ್ದ ಬಿಡಿಸಿದೆವು. ಕಂಬಿ ಕಟ್ಟುವ ಬಾರ್ ಬೆಂಡರ್‌ಗಳು ಸುಮ್ನೆ ಕತ್ತರಿಸಿಬಿಡುವುದು ಇಲ್ಲೇ.

ಕಂಪ್ಯೂಟರ್ ಇದನ್ನು ತಾನಾಗಿ ಹೇಳುವುದಿಲ್ಲ. ರಿಜಿಡ್ ಡಯಾಫ್ರಂ ಎಂದು ಕೊಟ್ಟುಬಿಟ್ಟರೆ ಇಡೀ ಮಹಡಿ ಒಂದೇ ಗಟ್ಟಿ ಹಲಗೆ ಎಂದೇ ಅದರ ಲೆಕ್ಕ. ಪಟ್ಟಿಗಳ ಮೇಲಿನ ಒತ್ತಡ ಕಾಣುವುದೇ ಇಲ್ಲ. ಭೂಕಂಪ ತಾಳುವ ಕಟ್ಟಡಗಳ ವಿನ್ಯಾಸಕ್ಕಿರುವ ಭಾರತೀಯ ಮಾನದಂಡ ಐಎಸ್ 1893ರ 2016ರ ಆವೃತ್ತಿ ಸ್ಪಷ್ಟವಾಗಿದೆ: ತೆರವು ಮಹಡಿಯ ವಿಸ್ತೀರ್ಣದ ಶೇ 50 ಮೀರಿದರೆ ಮಹಡಿಯನ್ನು ಬಾಗುವಂಥದ್ದೆಂದೇ ಲೆಕ್ಕ ಹಾಕಬೇಕು. ಅದಕ್ಕಿಂತ ಕಡಿಮೆ ಇದ್ದರೂ ತೆರವು ಎಲ್ಲಿದೆ, ಎಷ್ಟಿದೆ ನೋಡಿಯೇ ತೀರ್ಮಾನಿಸಬೇಕು.

'ನಮ್ಮದು ಭೂಕಂಪದ ಅಪಾಯ ಕಡಿಮೆ ಇರುವ ಎರಡನೇ ವಲಯ, ಇಲ್ಲೇನು ಭೂಕಂಪ ಮೇಡಂ?' ಅನ್ನುತ್ತಾರೆ. 1993ರಲ್ಲಿ ಸಾವಿರಾರು ಜನ ಸತ್ತ ಲಾತೂರಿನ ಕಿಲ್ಲಾರಿ ಆಗಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು ಅಲ್ವಾ?

ಮಹಾನಗರ ಪಾಲಿಕೆ ಇಂಥ ಕಟ್ಟಡಗಳಿಗೆ ಪರವಾನಗಿ ಕೊಡುವಾಗ ಕಟೌಟ್ ಸುತ್ತಲಿನ ಕಬ್ಬಿಣದ ಡ್ರಾಯಿಂಗನ್ನು ಬೇರೆಯಾಗಿ ಕೇಳಲಿ. ಕಾಂಕ್ರೀಟ್ ಹಾಕುವ ಮುಂಚೆ ಎಂಜಿನಿಯರ್ ಸೆಂಟ್ರಿಂಗ್ ಮೇಲೆ ಹತ್ತಿ ನೋಡಲಿ. ಹಳೇ ಕಟ್ಟಡಕ್ಕೆ ಲಿಫ್ಟ್ ಕೂರಿಸಲು ಸ್ಲ್ಯಾಬ್ ಕೊರೆಸುವವರಿಗೂ ಇದೇ ನಿಯಮ ಇರಲಿ.

– ಸ್ಟ್ರಕ್ಚರಲ್ ಎಂಜಿನಿಯರ್, ವಿದ್ಯಾನಗರ, ದಾವಣಗೆರೆ