ಕ್ರಿಯಾಪದ ಯಾರದು?

ಕ್ಯಾತ್ಸಂದ್ರ, ತುಮಕೂರು

ಚಿರಂಜೀವಿ ತಮ್ಮನಿಗೆ ಆಶೀರ್ವಾದಗಳು.

ನಿನ್ನ ಲೇಖನ ತಲುಪಿತು, ಎರಡು ಸಲ ಓದಿದೆ. ಪಕ್ಕದ ತಾಲ್ಲೂಕಿನ ಅಧಿಕಾರಿ ಮತ್ತು ಅವರ ಕಚೇರಿಯ ಮಹಿಳೆಯೊಬ್ಬರ ವಿಡಿಯೊ ಮೊಬೈಲ್‌ಗಳಲ್ಲಿ ಹರಿದಾಡಿದಾಗಿನಿಂದ ನೀನು ಕುದಿಯುತ್ತಿರುವುದು ಸಾಲುಸಾಲಿನಲ್ಲಿ ಕಾಣುತ್ತದೆ. ಊರೆಲ್ಲ ಆ ಮಹಿಳೆಯ ಮೇಲೆ ಕಲ್ಲು ಬೀರುತ್ತಿರುವಾಗ ಅವರ ಪರ ಬರೆಯಲು ಕುಳಿತೆಯಲ್ಲ, ಅದು ನನಗೆ ದೊಡ್ಡ ಸಮಾಧಾನ. ಆದರೆ ನಿನ್ನ ವಾಕ್ಯಗಳು ಅವರ ಪರವಾಗಿಲ್ಲ.

ಮೊದಲ ಪುಟವನ್ನೇ ನೋಡು. ಅಧಿಕಾರಿಯನ್ನು ಉದ್ದಕ್ಕೂ ‘ಅವರು’ ಎಂದಿರುವೆ. ಮಹಿಳೆ ಮೊದಲು ‘ಆಕೆ’, ಮೂರನೆಯ ಪ್ಯಾರಾದ ಹೊತ್ತಿಗೆ ‘ಅವಳು’. ಹಾಗೆ ಬರೆ ಎಂದು ನಿನಗೆ ಯಾರೂ ಹೇಳಿಕೊಟ್ಟಿಲ್ಲ, ಸುದ್ದಿ ಓದಿ ಓದಿ ಕೈಗೆ ಹತ್ತಿದ ರೂಢಿ ಅದು. ಬಹುವಚನ ಕೊಡುವುದಾದರೆ ಇಬ್ಬರಿಗೂ ಕೊಡು. ಇನ್ನು ಅಧಿಕಾರಿ ‘ಮೋಹಕ್ಕೆ ಬಿದ್ದರು’, ‘ಬಲೆಗೆ ಸಿಲುಕಿದರು’ ಎನ್ನುತ್ತೀಯೆ, ಕತ್ತಲಲ್ಲಿ ದಾರಿ ತಪ್ಪಿ ಹಾಳುಬಾವಿಗೆ ಬಿದ್ದ ದಾರಿಹೋಕರ ಹಾಗೆ. ಅವರು ಏನು ಮಾಡಿದರು ಎಂದು ಹೇಳುವ ಒಂದು ಕ್ರಿಯಾಪದವೂ ನಿನ್ನ ನಾಲ್ಕು ಪುಟಗಳಲ್ಲಿಲ್ಲ. ಮಾಡಿದ್ದೆಲ್ಲವೂ ಆ ಮಹಿಳೆಯೇ: ಸೆಳೆದರು, ಒಲಿಸಿಕೊಂಡರು, ಸಂಸಾರ ಮರೆತರು. ಟಿ.ವಿ.ಯವರು ಗಂಡಸಿನ ಇಂಥ ವ್ಯವಹಾರಕ್ಕೆ ‘ರಾಸಲೀಲೆ’ ಎಂದು ದೇವರ ಆಟದ ಹೆಸರಿಡುತ್ತಾರೆ. ಅದೇ ಕೋಣೆಯಲ್ಲಿದ್ದ ಹೆಣ್ಣಿಗೆ ಸಿಗುವ ಹೆಸರನ್ನು ನಾನು ಈ ಕಾಗದದಲ್ಲಿ ಬರೆಯಲಾರೆ. ‘ಮಾನಭಂಗ’ ಎಂಬ ಪದವನ್ನೂ ಬಿಟ್ಟುಬಿಡು. ಅನ್ಯಾಯ ಮಾಡಿದವನೊಬ್ಬ, ಮಾನ ಮುರಿಯುವುದು ಅದನ್ನು ಅನುಭವಿಸಿದವರದು, ಇದೆಂಥ ಭಾಷೆ?

ಮುಳ್ಳಿನ ಮೇಲೆ ಸೆರಗು ಬಿದ್ದರೂ ಸೆರಗಿನ ಮೇಲೆ ಮುಳ್ಳು ಬಿದ್ದರೂ ಹರಿಯುವುದು ಸೆರಗೇ ಎಂಬ ಗಾದೆಯಿಂದ ಮುಗಿಸಿರುವೆ. ಸಹಾನುಭೂತಿಯಿಂದಲೇ ಬರೆದಿರುವೆ, ಗೊತ್ತು. ಆದರೆ ಆ ಗಾದೆ ಸೆರಗಿಗೆ ಬುದ್ಧಿ ಹೇಳುತ್ತದೆಯೇ ಹೊರತು ಮುಳ್ಳು ಕಡಿಯುವ ಮಾತೆತ್ತುವುದಿಲ್ಲ.

ಇಷ್ಟು ಕಟುವಾಗಿ ಹೇಳಲು ಕಾರಣವಿದೆ. 1986ರಲ್ಲಿ ನಾನು ಇದೇ ಊರಿನ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕಿ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ಹಳ್ಳಿಯೊಂದರ ಶಿಕ್ಷಕಿ ಮತ್ತು ಒಬ್ಬ ಗುತ್ತಿಗೆದಾರರ ಸುದ್ದಿ ಬಂತು. ‘ಶಿಕ್ಷಕಿಯ ಮೋಹ: ಬೀದಿಗೆ ಬಂದ ಸಂಸಾರ’ ಎಂದು ಮೂರು ಕಾಲಂ ಶೀರ್ಷಿಕೆ ಕೊಟ್ಟವಳು ನಾನೇ. ಹೆಣ್ಣಾಗಿದ್ದೂ ನನಗೆ ಏನೂ ಚುಚ್ಚಲಿಲ್ಲ. ಶೀರ್ಷಿಕೆ ಚೆನ್ನಾಗಿ ಕೂತಿತು ಎಂದು ಸಂತೋಷಪಟ್ಟೆ. ನಾಲ್ಕನೆಯ ದಿನ ಆ ಶಿಕ್ಷಕಿ ಕಚೇರಿಗೆ ಬಂದರು. ಜಗಳವಾಡಲಿಲ್ಲ. ನನ್ನ ಮೇಜಿನ ಮುಂದೆ ನಿಂತು, ‘ನಿಮ್ಮ ಪತ್ರಿಕೆ ಎಷ್ಟು ಪ್ರತಿ ಅಚ್ಚಾಗುತ್ತದೆ?’ ಎಂದು ಕೇಳಿದರು. 3,000 ಎಂದೆ. ‘ನಮ್ಮ ಊರಿಗೆ?’ ಏಜೆಂಟರ ಪಟ್ಟಿ ನೋಡಿ 12 ಎಂದೆ. ಅವರು ಬೆರಳು ಮಡಿಸುತ್ತ ಯಾವ ಯಾವ ಮನೆ ಎಂದು ಮನಸ್ಸಿನಲ್ಲೇ ಎಣಿಸತೊಡಗಿದರು. ಒಂಬತ್ತಕ್ಕೆ ನಿಲ್ಲಿಸಿ, ಏನೂ ಹೇಳದೆ ಹೊರಟುಹೋದರು.

ಗುತ್ತಿಗೆದಾರರು ಮುಂದೆ ಪುರಸಭೆಗೆ ಆಯ್ಕೆಯಾದರು, ಅವರ ಸನ್ಮಾನದ ಸುದ್ದಿಯೂ ನನ್ನ ಕೈಯಿಂದಲೇ ಅಚ್ಚಿಗೆ ಹೋಯಿತು. ಶಿಕ್ಷಕಿ ವರ್ಗ ಮಾಡಿಸಿಕೊಂಡು ಜಿಲ್ಲೆಯನ್ನೇ ಬಿಟ್ಟರು. ಆ ಮಡಿಸಿದ ಬೆರಳುಗಳು ನನಗೆ ಈಗಲೂ ಕಾಣುತ್ತವೆ.

ಆ 12 ಪ್ರತಿಗಳು ತಿಂಗಳೊಳಗೆ ಕಡಲೆಕಾಯಿ ಪೊಟ್ಟಣವಾಗಿ ಹೋಗಿರಬೇಕು. ಇಂದು ಯಾರಾದರೂ ಬಂದು ಅದೇ ಪ್ರಶ್ನೆ ಕೇಳಿದರೆ ಹೇಳಲು ಯಾರ ಬಳಿಯೂ ಲೆಕ್ಕವಿಲ್ಲ. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ, ಪಕ್ಕದ ಹಾಸನದಲ್ಲಿ ಏನಾಯಿತೆಂದು ನೀನೇ ಕಂಡಿರುವೆ. ಹೆಂಗಸರ ಮುಖವನ್ನೂ ಮರೆಮಾಡದೆ ವಿಡಿಯೊಗಳನ್ನು ಪೆನ್‌ಡ್ರೈವ್‌ಗಳಲ್ಲಿ ಹಂಚಿದರು. ಅವನ್ನು ಹಂಚಿಕೊಂಡರೆ ಕ್ರಮ ಕೈಗೊಳ್ಳುವುದಾಗಿ ವಿಶೇಷ ತನಿಖಾ ತಂಡವೇ ಎಚ್ಚರಿಸಬೇಕಾಯಿತು. ಮನೆಗೆಲಸದ ಮಹಿಳೆಯೊಬ್ಬರು ಅತ್ಯಾಚಾರದ ದೂರು ಕೊಟ್ಟು, ನ್ಯಾಯಾಲಯದಲ್ಲಿ ನಿಂತು ಸಾಕ್ಷ್ಯ ಹೇಳಿದ ಪ್ರಕರಣದಲ್ಲಿ 2025ರ ಆಗಸ್ಟ್‌ನಲ್ಲಿ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ನಾವು ಮಾತ್ರ ಅದನ್ನು ಇಂದಿಗೂ ‘ಪೆನ್‌ಡ್ರೈವ್ ಪ್ರಕರಣ’ ಎನ್ನುತ್ತೇವೆ, ತಪ್ಪೆಲ್ಲ ಆ ಬೆರಳುದ್ದದ ಯಂತ್ರದ್ದು ಎಂಬಂತೆ.

ಹೆಣ್ಣಿನ ಹೆಸರು ಸಿಕ್ಕಿದರೆ ಈ ಸಂಕೋಚ ಇರುವುದಿಲ್ಲ. 1998ರ ಅಮೆರಿಕದ ಹಗರಣ ನಮ್ಮೂರಿನ ಹೋಟೆಲುಗಳಲ್ಲೂ ‘ಮೋನಿಕಾ ಪ್ರಕರಣ’ವಾಗಿತ್ತು. ಸಂಬಂಧ ಶುರುವಾದಾಗ ಮೋನಿಕಾ ಲೆವಿನ್‌ಸ್ಕಿ ಅವರಿಗೆ 22 ವರ್ಷ, ಶ್ವೇತಭವನದಲ್ಲಿ ಇಂಟರ್ನ್. ಬಿಲ್ ಕ್ಲಿಂಟನ್ ಅವರಿಗೆ 49, ದೇಶದ ಅಧ್ಯಕ್ಷರು. 1999ರ ಫೆಬ್ರುವರಿಯಲ್ಲಿ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಮಹಾಭಿಯೋಗದ ವಿಚಾರಣೆಯಲ್ಲಿ ಕ್ಲಿಂಟನ್ ಅವರನ್ನು ಖುಲಾಸೆ ಮಾಡಿತು, 2001ರ ಜನವರಿಯವರೆಗೆ ಅವರು ಅವಧಿ ಪೂರೈಸಿದರು. ಮೋನಿಕಾ ಅವರು 2015ರಲ್ಲಿಯೂ ಟೆಡ್ ಎಂಬ ಭಾಷಣ ವೇದಿಕೆಯ ಮೇಲೆ ನಿಂತು, ಅಂತರ್ಜಾಲ ತಮ್ಮ ಹೆಸರನ್ನು ಜಗತ್ತಿನ ಮುಂದೆ ಹೇಗೆ ಹರಾಜಿಗಿಟ್ಟಿತು ಎಂದು ವಿವರಿಸುತ್ತಿದ್ದರು.

ಇನ್ನೊಂದು ಮಾತು, ಇದು ಕಾನೂನಿನದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಅಪರಾಧ. ಹಿಂದೆ ಭಾರತೀಯ ದಂಡ ಸಂಹಿತೆಯ 228ಎ ಇದ್ದದ್ದು ಈಗ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್. ಹೆಸರು ಬಿಟ್ಟರೆ ಸಾಲದು, ಗುರುತು ಹತ್ತುವ ವಿವರವೂ ಬರಬಾರದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಈ ಪ್ರಕರಣ ಆ ಸೆಕ್ಷನ್‌ಗೆ ಒಳಪಡುತ್ತದೆಯೇ ಎಂದು ತರ್ಕಿಸುತ್ತ ಕೂರಬೇಡ, ಅಳತೆಗೋಲು ಮಾತ್ರ ಅದನ್ನೇ ಹಿಡಿ. ಹೆಸರು ಬರೆದಿಲ್ಲ ಎಂದು ನೀನು ನಿಶ್ಚಿಂತನಾಗಿರುವೆ. ಆದರೆ ಪತಿಯ ಉದ್ಯೋಗ, ಮಗಳು ಓದುವ ತರಗತಿ, ಅವರು ಬಸ್ ಹತ್ತುವ ನಿಲ್ದಾಣ ಎಲ್ಲವನ್ನೂ ಬರೆದಿರುವೆ. ಆ ಊರಿನವರಿಗೆ ಹೆಸರು ಇನ್ನೇಕೆ ಬೇಕು? ಅಧಿಕಾರಿಯ ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬುದು ಮಾತ್ರ ನಿನ್ನ ಲೇಖನದಿಂದ ನನಗೆ ತಿಳಿಯಲಿಲ್ಲ. ತಿಳಿಯುವುದೂ ಬೇಡ. ಬರೆಯಬೇಕಾದದ್ದು ಬೇರೆ ಇದೆ: ಆ ಕಚೇರಿಯಲ್ಲಿ ಯಾರು ಯಾರ ಮೇಲಧಿಕಾರಿ, ವಿಡಿಯೊ ಯಾರ ಕೈಯಿಂದ ಹೊರಬಿತ್ತು, ಇಬ್ಬರಲ್ಲಿ ಇಂದು ಯಾರು ಕೆಲಸಕ್ಕೆ ಹೋಗುತ್ತಿದ್ದಾರೆ. ಹೋಗಿ ಕೇಳಿಕೊಂಡು ಬಾ.

ತಿದ್ದಿ ಬರೆಯುವ ಮೊದಲು ಒಂದು ಕೆಲಸವಿದೆ. ಎರಡನೆಯ ಪುಟದಲ್ಲಿ ಆ ಕೋಣೆಯ ಕಿಟಕಿಗೆ ಹಸಿರು ಪರದೆ ಇತ್ತು ಎಂದು ಬರೆದಿರುವೆ. ನೋಡದೆ ಅದು ಗೊತ್ತಾಗುವುದಿಲ್ಲ, ತಮ್ಮ. ಆ ವಿಡಿಯೊವನ್ನು ಮೊಬೈಲ್‌ನಿಂದ ಅಳಿಸು, ಕಳಿಸಿದ ಗೆಳೆಯನಿಗೆ ಫೋನ್ ಮಾಡಿ ಅವನಿಂದಲೂ ಅಳಿಸಿಸು. ಆಮೇಲೆ ಬರೆಯಲು ಕುಳಿತುಕೋ. ಮುಂದಿನ ಭಾನುವಾರ ಬಂದರೆ ಹೊಸ ಪ್ರತಿಯನ್ನು ಜೊತೆಗೆ ಕೂತು ಓದೋಣ.

ಇತಿ,
ನಿನ್ನ ಅಕ್ಕ