ಸೊನ್ನೆ ಕಾಯುತ್ತಿರುವ ಅಳಿಯನಿಗೆ

ಮಾಟುಂಗ, ಮುಂಬೈ
ಭಾನುವಾರ ಸಂಜೆ

ಪ್ರೀತಿಯ ಸೋದರಳಿಯನಿಗೆ ಸೋದರಮಾವನ ಆಶೀರ್ವಾದಗಳು. ಉಭಯ ಕುಶಲೋಪರಿ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ ಮಾವ, ಹೂಂ ಮಾವ" ಅನ್ನುತ್ತೀಯ, ಅಷ್ಟರಲ್ಲಿ ಮಾತು ಮುಗಿದುಬಿಡುತ್ತದೆ. ಈ ವಿಷಯ ಹಾಗೆ ಮುಗಿಯುವುದು ನನಗೆ ಬೇಡ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಚೌತಿಗೆ ನೀವೆಲ್ಲ ಬಂದಿದ್ದಾಗ, ಊಟ ಆದ ಮೇಲೆ, ಸೋಲೇ ಇಲ್ಲದೆ ಆಡಿ ಆಮೇಲೆ ಸೋತ ಬಾಕ್ಸರ್‌ಗಳ ಬಗ್ಗೆ ನೀನೊಂದು ಮಾತು ಹೇಳಿದೆ. "ಜೋಶುವಾ ಆವತ್ತೇ ಮುಗಿದ. ವೈಲ್ಡರ್ ಮುಗಿದ. ಈಗ ಫ್ಯೂರಿಯೂ ಮುಗಿದ. ಸೊನ್ನೆ ಹೋದ ಮೇಲೆ ಇನ್ನೇನಿದೆ ಮಾವ?" ಮನೆ ತುಂಬ ಜನ ಇದ್ದರು, ನಾನು ಸುಮ್ಮನಾದೆ. ಮೊನ್ನೆ ನಿನ್ನ ಅಮ್ಮ ಮುಲುಂಡಿನಿಂದ ಫೋನ್ ಮಾಡಿದಳು. ಪುಣೆಯ ಬಾಕ್ಸಿಂಗ್ ಸ್ಪರ್ಧೆಗೆ ನೀನು ಹೋಗುವುದಿಲ್ಲವಂತೆ, ಭುಜ ನೋವಂತೆ. ಆ ಎಡಗೈ ಹುಡುಗನೂ ನಿನ್ನ ತೂಕದಲ್ಲೇ ಹೆಸರು ಕೊಟ್ಟಿದ್ದಾನೆ ಅಂತ ಅದೇ ಉಸಿರಿನಲ್ಲಿ ಹೇಳಿದಳು.

ಭುಜ ನಿಜವಾಗಿ ನೋಯುತ್ತಿದ್ದರೆ ಡಾಕ್ಟರಿಗೆ ತೋರಿಸು, ಪುಣೆಗೆ ಹೋಗಬೇಡ, ಈ ಕಾಗದವನ್ನು ಇಲ್ಲಿಗೇ ಮಡಚಿಡು. ಹಾಗಲ್ಲದಿದ್ದರೆ ಪೂರ್ತಿ ಓದು.

9 ಆಟ, 9 ಗೆಲುವು. ಅದರ ಹಿಂದಿನ ಕಷ್ಟ ನನಗೆ ಗೊತ್ತು. ಬೆಳಗ್ಗೆ ಐದಕ್ಕೆ ಎದ್ದು ಓಡುವುದು, ತೂಕಕ್ಕೋಸ್ಕರ ಹಬ್ಬದ ದಿನವೂ ಪಾಯಸ ಮುಟ್ಟದೇ ಕೂರುವುದು, ಎಲ್ಲವನ್ನೂ ನೋಡಿದ್ದೇನೆ. ಆ ಗೆಲುವನ್ನು ನಾನು ಕಮ್ಮಿ ಮಾಡುತ್ತಿಲ್ಲ. ನನಗೆ ಚಿಂತೆ ಇರುವುದು ಆ 9ರ ಪಕ್ಕದಲ್ಲಿ ಸೋಲಿನ ಲೆಕ್ಕಕ್ಕಿರುವ ಸೊನ್ನೆಯದು. ನೀನು ಈಗ ಆಡುವುದನ್ನು ಬಿಟ್ಟು ಅದನ್ನು ಕಾಯಲು ಕೂತಿದ್ದೀಯ ಅಂತ ನನಗೆ ಅನಿಸುತ್ತಿದೆ.

ಬಾಕ್ಸಿಂಗ್ ನನಗೆ ಹೇಗೆ ಹತ್ತಿರವಾಯಿತು ಅಂತ ನಿನಗೆ ಯಾವತ್ತೂ ಹೇಳಿಲ್ಲ. 1971ರಲ್ಲಿ ನನಗೆ ಹದಿನೈದು. ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ, ರಾತ್ರಿ ಕನ್ನಡ ಶಾಲೆ. ಡಾಕ್‌ನಲ್ಲಿ ಕೆಲಸ ಮಾಡುತ್ತಿದ್ದ ಗೋವಾದ ಗಿರಾಕಿಯೊಬ್ಬರು ದಿನಾ ಬಂದು ಚಾ ಕುಡಿದು ಪೇಪರ್ ಓದುತ್ತಿದ್ದರು. ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ ಮುಹಮ್ಮದ್ ಆಲಿ ಜೋ ಫ್ರೇಜಿಯರ್‌ಗೆ ಸೋತಿದ್ದ. ಆಲಿಯ ಮೊದಲ ಸೋಲು. ಸೈನ್ಯಕ್ಕೆ ಸೇರುವುದಿಲ್ಲ ಅಂದಿದ್ದಕ್ಕೆ 1967ರಲ್ಲಿ ಅವನ ಪಟ್ಟ ಕಿತ್ತುಕೊಂಡಿದ್ದರು. ಮೂರೂವರೆ ವರ್ಷ ರಿಂಗಿಗೆ ಇಳಿಯಲು ಬಿಟ್ಟಿರಲಿಲ್ಲ. ವಾಪಸ್ ಬಂದು ಐದು ತಿಂಗಳೂ ಆಗಿರಲಿಲ್ಲ. 15ನೇ ರೌಂಡಿನಲ್ಲಿ ಫ್ರೇಜಿಯರ್‌ನ ಎಡಗೈ ಹುಕ್, ಅಂದರೆ ಪಕ್ಕದಿಂದ ಬೀಸುವ ಹೊಡೆತ, ದವಡೆಗೆ ಬಿತ್ತು, ಆಲಿ ಅಂಗಾತ ಬಿದ್ದ. ಬಾಯಿಬಡುಕನಿಗೆ ಆಗಬೇಕಾದ್ದೇ ಆಯಿತು ಅಂತ ಹೋಟೆಲಿನಲ್ಲಿ ಎಲ್ಲರೂ ಮಾತಾಡಿಕೊಂಡರು. ಆ ಗೋವಾದವರು ಮಾತ್ರ ನನ್ನನ್ನು ಕರೆದು ಪೇಪರಿನ ಮೇಲೆ ಬೆರಳಿಟ್ಟು ಹಿಂದಿಯಲ್ಲಿ ಹೇಳಿದರು: "ಇಲ್ಲಿ ಬಿದ್ದ ಅಂತ ಬರೆದಿದ್ದಾರೆ. ಮುಂದಿನ ಸಾಲಿನಲ್ಲಿ ಕೂಡಲೇ ಎದ್ದು ನಿಂತ, ಕೊನೆಯ ಗಂಟೆವರೆಗೂ ಆಡಿದ ಅಂತಲೂ ಬರೆದಿದ್ದಾರೆ. ಅದನ್ನು ಯಾರೂ ಓದಲಿಲ್ಲ."

ಮೂರು ವರ್ಷದ ಮೇಲೆ, 1974ರ ಅಕ್ಟೋಬರಿನಲ್ಲಿ, ಆಲಿ ಕಿನ್ಶಾಸಾದಲ್ಲಿ ಫೋರ್‌ಮನ್‌ನನ್ನು ಕೆಡವಿದಾಗ ಅವರೇ ನಮಗೆಲ್ಲ ಚಾ ಕೊಡಿಸಿದರು.

ಸೊನ್ನೆ ಅಂದರೆ ಮೊದಲು ನೆನಪಾಗುವುದು ರಾಕಿ ಮಾರ್ಸಿಯಾನೋ. 49 ಆಟ, ಒಂದೂ ಸೋಲಿಲ್ಲ, 1956ರಲ್ಲಿ ನಿವೃತ್ತಿ. ದೊಡ್ಡ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೂ ಹೆವಿವೇಟ್‌ನಲ್ಲಿ ಯಾರು ದೊಡ್ಡವರು ಅಂತ ನಾಲ್ಕು ಜನ ಕೂತು ಮಾತಾಡಿದರೆ ಮೊದಲು ಬರುವ ಹೆಸರು ಐದು ಸಲ ಸೋತ ಆಲಿಯದು, ಮೂರು ಸಲ ಸೋತ ಜೋ ಲೂಯಿಸ್‌ದು. ಇದು ಯಾಕೆ ಅಂತ ಯೋಚನೆ ಮಾಡಿದ್ದೀಯಾ? ಸೋತ ದಿನ ಇಬ್ಬರಿಗೂ ಆಳಿಗೊಂದು ಕಲ್ಲು ಬಿದ್ದಿತ್ತು. ಆಮೇಲಿನ ಹತ್ತು ವರ್ಷ ಜನ ಬೇರೆಯೇ ಲೆಕ್ಕ ಹಾಕಿದರು.

ಸೊನ್ನೆಗೆ ಬೆಲೆ ಕಟ್ಟಿದವರು ಟಿಕೆಟ್ ಮಾರುವವರು. ಸೋಲದವನ ಪೋಸ್ಟರ್ ಚೆನ್ನಾಗಿ ಮಾರಾಟವಾಗುತ್ತದೆ. ಅದಕ್ಕೇ ಸುಲಭದ ಎದುರಾಳಿಗಳನ್ನು ಹುಡುಕಿ ಹುಡುಕಿ ನಿಲ್ಲಿಸುತ್ತಾರೆ. ನಿನ್ನ ಹಾಗೆ ಅಮೆಚೂರ್ ಆಡುವ ಹುಡುಗನಿಗೆ ಅದರಿಂದ ನಯಾಪೈಸೆ ಲಾಭ ಇಲ್ಲ.

ಮೈಕ್ ಟೈಸನ್ ವಿಷಯಕ್ಕೆ ಬರುತ್ತೇನೆ. ನಿನಗೆ ಅವನ ಮೇಲೆ ಪ್ರೀತಿ ಜಾಸ್ತಿ ಅಂತ ಗೊತ್ತು. 2018ರಲ್ಲಿ ಅವನು ವರ್ಳಿಗೆ ಬಂದಾಗ ಹೋಗೋಣ ಅಂತ ಹಟ ಹಿಡಿದಿದ್ದೆ, ಇನ್ನೂ ಚಿಕ್ಕವನು ನೀನು. 1990ರ ಫೆಬ್ರವರಿ 11, ಟೋಕಿಯೋ. ಟೈಸನ್ 37 ಆಟ ಗೆದ್ದಿದ್ದ, ಎದುರಿಗೆ ಬಸ್ಟರ್ ಡಗ್ಲಸ್. ಬಾಜಿ ಟೈಸನ್ ಕಡೆಗೆ 42ಕ್ಕೆ 1. ಹತ್ತನೇ ರೌಂಡಿನಲ್ಲಿ ಟೈಸನ್ ನೆಲಕ್ಕೆ ಬಿದ್ದ, ಕೈ ಚಾಚಿ ಹಲ್ಲು ಕಾಯುವ ಮೌತ್‌ಗಾರ್ಡ್ ಹುಡುಕಿ ಅದನ್ನು ಓರೆಯಾಗಿ ಬಾಯಿಗೆ ಸಿಕ್ಕಿಸಿಕೊಂಡ. ಆ ದೃಶ್ಯ ನೋಡಿದರೆ ನನಗೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಅವತ್ತಿನಿಂದ ಅಭಿಮಾನಿಗಳು ಎರಡು ಪಂಗಡ ಆದರು. ಅವನು ಮೊದಲಿನಿಂದಲೂ ಅಷ್ಟೇ, ಬಣ್ಣ ಬಯಲಾಯಿತು ಅಂತ ಒಂದು ಪಂಗಡ. ಅವತ್ತು ಇದ್ದವನು ನಿಜವಾದ ಟೈಸನ್ ಅಲ್ಲವೇ ಅಲ್ಲ ಅಂತ ಇನ್ನೊಂದು. ಹಳೇ ಕೋಚ್ ರೂನಿಯನ್ನು ತೆಗೆದುಹಾಕಿದ್ದು, ತಯಾರಿ ಸರಿಯಿಲ್ಲದ್ದು, ಊದಿದ ಕಣ್ಣಿಗೆ ಒತ್ತಲು ರಿಂಗಿನ ಮೂಲೆಯಲ್ಲಿ ನಿಲ್ಲುವ ಅವನ ಸಹಾಯಕರ ಹತ್ತಿರ ಸರಿಯಾದ ಸಾಮಾನು ಕೂಡ ಇರದೆ ರಬ್ಬರ್ ಗ್ಲೌಸಿಗೆ ತಣ್ಣೀರು ತುಂಬಿ ಹಿಡಿದದ್ದು, ಎಲ್ಲ ಕಾರಣ ಹೇಳುತ್ತಾರೆ. ಎಲ್ಲವೂ ನಿಜವೇ. ಆದರೆ ಎರಡೂ ಪಂಗಡದ ಮಾತಿನಲ್ಲಿ ಒಬ್ಬ ಮನುಷ್ಯ ಕಾಣೆಯಾಗಿದ್ದಾನೆ. ಡಗ್ಲಸ್! ಆಟಕ್ಕೆ 23 ದಿನ ಮುಂಚೆ ಅವನ ತಾಯಿ ತೀರಿಕೊಂಡಿದ್ದರು. ಎಂಟನೇ ರೌಂಡಿನಲ್ಲಿ ಬಿದ್ದು ಎದ್ದಿದ್ದ. ಅವತ್ತು ಇಡೀ ಆಟದಲ್ಲಿ ಅವನ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಹೊಡೆತ, ಟೈಸನ್‌ನನ್ನು ಹತ್ತಿರ ಬರಲು ಬಿಡಲಿಲ್ಲ. ಎಂಟನೇ ರೌಂಡಿನಲ್ಲಿ ಡಗ್ಲಸ್ ಬಿದ್ದಾಗ ರೆಫರಿಯ ಎಣಿಕೆ ನಿಧಾನವಾಯಿತು ಅಂತ ತಕರಾರು ಎತ್ತಿ ಬಾಕ್ಸಿಂಗ್ ಸಂಸ್ಥೆಗಳ ದೊಡ್ಡವರು ಫಲಿತಾಂಶವನ್ನೇ ತಡೆಹಿಡಿಯಲು ನೋಡಿದರು. ಅವರ ಮೇಲೆ ಸಾಮಾನ್ಯ ಜನ, ಪೇಪರಿನವರು ಮುಗಿಬಿದ್ದರು. ಕೆಲವೇ ದಿನದಲ್ಲಿ ಡಗ್ಲಸ್ ಗೆದ್ದದ್ದನ್ನು ಒಪ್ಪಬೇಕಾಯಿತು. ಅವತ್ತು ಅಭಿಮಾನಿಗಳು ಕಣ್ಣಿಂದ ಕಂಡದ್ದಕ್ಕೆ ನ್ಯಾಯ ಮಾಡಿದರು. ನಾನು ಅದನ್ನು ಮರೆತಿಲ್ಲ.

ಹಾಗಾಗಿ ಯಾರಾದರೂ ಮೊದಲ ಸಲ ಸೋತಾಗ, ಅವನನ್ನು ಗೆದ್ದವನು ಯಾರು, ಏನು ಮಾಡಿ ಗೆದ್ದ ಅಂತ ಮೊದಲು ನೋಡು. 2024ರ ಮೇ ತಿಂಗಳಲ್ಲಿ ಫ್ಯೂರಿ ಸೋತದ್ದು ಉಕ್ರೇನಿನ ಉಸಿಕ್‌ಗೆ, ಅದೂ ಮೂವರು ಜಡ್ಜ್‌ಗಳಲ್ಲಿ ಒಬ್ಬರು ಫ್ಯೂರಿ ಪರ ಇದ್ದ ಆಟದಲ್ಲಿ. ಅದಕ್ಕೆ "ಮುಗಿದ" ಅನ್ನುವುದು ಉಸಿಕ್‌ಗೂ ಅವಮಾನ ಅಲ್ವಾ?

ಜೋ ಲೂಯಿಸ್ ಕಥೆಯನ್ನು ನೀನು ಗಮನ ಕೊಟ್ಟು ಓದಬೇಕು. 1936ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಅವನನ್ನು 12ನೇ ರೌಂಡಿನಲ್ಲಿ ನಾಕೌಟ್ ಮಾಡಿದ. ಲೂಯಿಸ್ ಆಗ ಇನ್ನೂ ಚಾಂಪಿಯನ್ ಆಗಿರಲಿಲ್ಲ, ಆದರೆ ಅವನನ್ನು ಸೋಲಿಸುವವರಿಲ್ಲ ಅಂತ ಜನ ನಂಬಿದ್ದರು. ಶ್ಮೆಲಿಂಗ್ ಹಳೇ ಆಟಗಳ ಫಿಲ್ಮ್ ನೋಡಿ ಒಂದು ತಪ್ಪು ಹಿಡಿದಿದ್ದ. ಜ್ಯಾಬ್ ಹೊಡೆದು ಕೈ ವಾಪಸ್ ತರುವಾಗ ಲೂಯಿಸ್ ಎಡಗೈ ಕೆಳಗೆ ಬಿಡುತ್ತಿದ್ದ. ಅಲ್ಲಿಗೆ ಬಲಗೈ ಹಾಕಿದ. ಅಷ್ಟು ಆಟ ಗೆದ್ದಿದ್ದರೂ ಆ ತಪ್ಪು ಹಾಗೇ ಉಳಿದಿತ್ತು, ಗೆಲುವೇ ಅದನ್ನು ಮುಚ್ಚಿಟ್ಟಿತ್ತು. ಮರುವರ್ಷ ಲೂಯಿಸ್ ಚಾಂಪಿಯನ್ ಆದ. ಆದರೂ ಶ್ಮೆಲಿಂಗ್‌ನನ್ನು ಸೋಲಿಸುವ ತನಕ ನನ್ನನ್ನು ಚಾಂಪಿಯನ್ ಅನ್ನಬೇಡಿ ಅಂದ. 1938ರ ಜೂನ್ 22ರಂದು 2 ನಿಮಿಷ 4 ಸೆಕೆಂಡಿನಲ್ಲಿ ಆ ಲೆಕ್ಕ ಚುಕ್ತಾ ಆಯಿತು. ಪಟ್ಟವನ್ನು 25 ಸಲ ಉಳಿಸಿಕೊಂಡ.

ನಿನ್ನ ಎಡಗೈ ಎಲ್ಲಿ ಕೆಳಗೆ ಬೀಳುತ್ತದೆ ಅಂತ ನಿನಗೆ ಗೊತ್ತಾ? ನನಗೆ ಗೊತ್ತಿಲ್ಲ. ಪುಣೆಯ ಹುಡುಗನಿಗೆ ಗೊತ್ತಿರಬಹುದು.

ಇನ್ನೊಬ್ಬನ ವಿಷಯ ಹೇಳಲೇಬೇಕು, ಫ್ಲಾಯ್ಡ್ ಪ್ಯಾಟರ್ಸನ್. ನನಗೆ ಎಲ್ಲರಿಗಿಂತ ಹತ್ತಿರದವನು ಇವನೇ. 1959ರಲ್ಲಿ ಸ್ವೀಡನ್ನಿನ ಯೋಹಾನ್ಸನ್ ಅವನನ್ನು ಮೂರನೇ ರೌಂಡೊಂದರಲ್ಲೇ ಏಳು ಸಲ ಕೆಡವಿ ಪಟ್ಟ ಕಿತ್ತುಕೊಂಡ. ಅಲ್ಲಿಯವರೆಗೆ ಕಳೆದುಕೊಂಡ ಹೆವಿವೇಟ್ ಪಟ್ಟವನ್ನು ಯಾರೂ ವಾಪಸ್ ಗೆದ್ದಿರಲಿಲ್ಲ. ಪ್ಯಾಟರ್ಸನ್ ಮರುವರ್ಷವೇ ಗೆದ್ದ. ಎಡಗೈ ಹುಕ್ಕಿಗೆ ಯೋಹಾನ್ಸನ್ ಎಚ್ಚರ ತಪ್ಪಿ ಬಿದ್ದಾಗ, ಕುಣಿಯುವುದನ್ನು ಬಿಟ್ಟು ಅವನ ಪಕ್ಕ ಮಂಡಿಯೂರಿ ಕೂತು ಅವನನ್ನು ಹಿಡಿದುಕೊಂಡ. ಬಿದ್ದವನ ಸಂಕಟ ಬಿದ್ದವನಿಗೇ ಗೊತ್ತು.

ಅದೇ ಪ್ಯಾಟರ್ಸನ್ 1962ರಲ್ಲಿ ಶಿಕಾಗೋದಲ್ಲಿ ಸನ್ನಿ ಲಿಸ್ಟನ್ ಎದುರು ಮೊದಲ ರೌಂಡಿನಲ್ಲೇ ಸೋತ. ಸೋತ ಮೇಲೆ ಅಂಟು ಗಡ್ಡ ಹಾಕಿಕೊಂಡು, ಯಾರಿಗೂ ಗುರುತು ಸಿಗದ ಹಾಗೆ ಊರು ಬಿಟ್ಟ. ಆ ಗಡ್ಡವನ್ನು ಮೊದಲೇ ತಂದಿಟ್ಟುಕೊಂಡಿದ್ದ. ಇಷ್ಟು ಗಟ್ಟಿ ಮನುಷ್ಯ, ಜನ ಏನಂತಾರೆ ಅನ್ನುವ ಭಯಕ್ಕೆ ರಿಂಗಿಗೆ ಇಳಿಯುವ ಮುಂಚೆಯೇ ಗಡ್ಡ ಸಿದ್ಧ ಮಾಡಿಕೊಂಡಿದ್ದ! ಆದರೂ ಅವನು ರಿಂಗಿಗೆ ಇಳಿದ. ಗಡ್ಡ ಹಾಕಿಕೊಂಡದ್ದು ಆಮೇಲೆ. ನಿನ್ನ ಭುಜ ನೋವು ಕೇಳಿದಾಗ ನನಗೆ ಆ ಗಡ್ಡ ನೆನಪಾಯಿತು ಪುಟ್ಟಾ. ಬೇಜಾರು ಮಾಡಿಕೊಳ್ಳಬೇಡ. ನೀನು ಇಳಿಯುವ ಮುಂಚೆಯೇ ಹಾಕಿಕೊಂಡೆಯಾ ಅಂತ ಸಂಕಟ ಆಯಿತು.

ಜನ ಕ್ಷಮಿಸದ ಸೋಲೂ ಇದೆ. ಲ್ಯಾರಿ ಹೋಮ್ಸ್ 48 ಗೆದ್ದು, ಮಾರ್ಸಿಯಾನೋನ 49ಕ್ಕೆ ಒಂದೇ ಹೆಜ್ಜೆ ಇರುವಾಗ 1985ರಲ್ಲಿ ಸ್ಪಿಂಕ್ಸ್‌ಗೆ ಪಾಯಿಂಟ್ಸ್ ಮೇಲೆ ಸೋತ. ಸೋತದ್ದನ್ನು ಜನ ಮರೆಯುತ್ತಿದ್ದರು. ತೀರಿಕೊಂಡಿದ್ದ ಮಾರ್ಸಿಯಾನೋ ಬಗ್ಗೆ ಅವನು ಆಡಿದ ಹಗುರ ಮಾತನ್ನು ಬಹಳ ವರ್ಷ ಮರೆಯಲಿಲ್ಲ. ವೈಲ್ಡರ್ 2020ರಲ್ಲಿ ಫ್ಯೂರಿಗೆ ಸೋತು, ರಿಂಗಿಗೆ ಬರುವಾಗ ಹಾಕಿದ್ದ 18 ಕಿಲೋ ತೂಕದ ವೇಷದಿಂದ ಕಾಲಿನ ಶಕ್ತಿ ಹೋಯಿತು ಅಂದ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಸೋಲೊಪ್ಪಿ ಟವೆಲ್ ಎಸೆದು ಅವನನ್ನು ಉಳಿಸಿದ ಕೋಚನ್ನೇ ತೆಗೆದುಹಾಕಿದ. ಜನ ಛೀ ಅಂದರು. ಆದರೆ ಮರುವರ್ಷ ಅಕ್ಟೋಬರಿನಲ್ಲಿ ಅದೇ ಫ್ಯೂರಿ ಎದುರು ಮತ್ತೆ ಇಳಿದ. ಮೂರನೇ ರೌಂಡಿನಲ್ಲಿ ಬಿದ್ದು ಎದ್ದ, ನಾಲ್ಕರಲ್ಲಿ ಫ್ಯೂರಿಯನ್ನು ಎರಡು ಸಲ ಕೆಡವಿದ, 11ರಲ್ಲಿ ಮೇಲೆ ಏಳಲಾರದ ಹಾಗೆ ಸೋತ. ಅವತ್ತು ಅವನ ಮರ್ಯಾದೆ ವಾಪಸ್ ಬಂತು. ಗಮನಿಸು, ಬಂದದ್ದು ಗೆದ್ದಾಗ ಅಲ್ಲ.

ಇದು ನಮಗೆ ಹೊಸದೂ ಅಲ್ಲ. ಊರಿನಲ್ಲಿ ಯಕ್ಷಗಾನದ ಆಟಕ್ಕೆ ಹೋದರೆ ಕೌರವ ಸೋಲುತ್ತಾನೆ ಅಂತ ಗೊತ್ತಿದ್ದೂ ಕೌರವನ ವೇಷ ನೋಡಲಿಕ್ಕೆ ಬೆಳಗಿನ ಜಾವದ ತನಕ ಕೂರುತ್ತಿದ್ದೆವು. ನಿನ್ನ ಅಜ್ಜ ಭೀಮನ ವೇಷದವನ ಹೆಸರು ನೆನಪಿಟ್ಟುಕೊಂಡಿರಲಿಲ್ಲ.

ಈಗ ನನ್ನದೇ ಒಂದು ವಿಷಯ. ನಿನ್ನ ಅಮ್ಮನಿಗೂ ಗೊತ್ತಿಲ್ಲ. ಹೋಟೆಲ್ ಬಿಟ್ಟು ಕ್ಯಾಂಟೀನ್ ಶುರು ಮಾಡಿದಾಗ ಸಾಲಾಗಿ ಮೂರು ಕಂಟ್ರಾಕ್ಟ್ ಸಿಕ್ಕಿದವು. ಮುಟ್ಟಿದ್ದೆಲ್ಲ ಚಿನ್ನ ಅಂತ ಮಾಟುಂಗದಲ್ಲಿ ಹೆಸರಾಯಿತು. ನಾಲ್ಕನೆಯದು ದೊಡ್ಡ ಕಚೇರಿಯದು, ದಿನಕ್ಕೆ ಎಂಟುನೂರು ಊಟ. ಟೆಂಡರ್ ಕಾಗದ ತುಂಬಿ ಇಟ್ಟಿದ್ದೆ. ಸಿಗದಿದ್ದರೆ ನಮ್ಮವರೆಲ್ಲ ಏನಂದುಕೊಳ್ಳುತ್ತಾರೋ ಅಂತ ಕೊನೇ ದಿನ ಜ್ವರ ಅಂತ ಹೇಳಿ ಮಲಗಿದೆ. ನಿನ್ನ ಅತ್ತೆ ಗಂಜಿ ಮಾಡಿ ಕೊಟ್ಟಳು. ಆ ಗಂಜಿ ಗಂಟಲಲ್ಲಿ ಇಳಿಯಲಿಲ್ಲ. ಹಾಕಿ ಸೋತಿದ್ದರೆ ಒಂದು ತಿಂಗಳ ಬೇಜಾರು. ಹಾಕದೇ ಹೋಗಿ ನಲವತ್ತು ವರ್ಷ ಆಗುತ್ತಾ ಬಂತು, ಆ ರಸ್ತೆಯಲ್ಲಿ ಬಸ್ಸು ಹೋದಾಗಲೆಲ್ಲ ಈಗಲೂ ಆ ಕಟ್ಟಡದ ಕಡೆ ನೋಡುತ್ತೇನೆ.

ಪುಣೆಯಲ್ಲಿ ನೀನು ಗೆಲ್ಲುತ್ತೀಯ ಅಂತ ನಾನು ಹೇಳುತ್ತಿಲ್ಲ. ಆ ಹುಡುಗ ನಿನಗಿಂತ ಎರಡು ವರ್ಷ ಜಾಸ್ತಿ ಆಡಿದ್ದಾನೆ, ಎಡಗೈಯವನು ಬೇರೆ, ಸೋಲಬಹುದು. ಸೋತರೆ ಜಿಮ್ಮಿನಲ್ಲಿ ನಾಲ್ಕು ಜನ ನೀನು ಚೌತಿಗೆ ಹೇಳಿದ ಮಾತನ್ನೇ ನಿನಗೆ ಹೇಳುತ್ತಾರೆ. ಅದನ್ನು ಕೇಳಿಕೊಂಡು ಬರಬೇಕಾಗುತ್ತದೆ. ಆವತ್ತು ಭುಜದ ಮಾತು ಎತ್ತಬೇಡ. ಅವನು ಎಲ್ಲಿ ಹೊಡೆದ ಅಂತ ನಿನ್ನ ಕೋಚ್ ಹತ್ತಿರ ಕೂತು ಬರೆದಿಟ್ಟುಕೋ.

ಹೆಸರು ವಾಪಸ್ ತೆಗೆದುಕೊಳ್ಳುವ ಅರ್ಜಿ ಇನ್ನೂ ಕೊಟ್ಟಿಲ್ಲ ಅಂತ ನಿನ್ನ ಅಮ್ಮ ಹೇಳಿದಳು. ನಾನು ಬೆಳಗಿನ ಇಂದ್ರಾಯಣಿ ರೈಲಿಗೆ ಎರಡು ಟಿಕೆಟ್ ಮಾಡಿಸಿದ್ದೇನೆ. ನಾನು ದಾದರಿನಲ್ಲಿ ಹತ್ತುತ್ತೇನೆ, ನೀನು ಠಾಣೆಗೆ ಬಾ. ನಿನ್ನ ಅತ್ತೆ ನೀರು ದೋಸೆ ಕಟ್ಟಿಕೊಡುತ್ತೇನೆ ಅನ್ನುತ್ತಿದ್ದಾಳೆ. ತೂಕ ನೋಡುವುದು ಮುಗಿಯುವ ತನಕ ಡಬ್ಬಿ ನನ್ನ ಹತ್ತಿರವೇ ಇರುತ್ತದೆ.

ಇಂತಿ,
ನಿನ್ನ ಮಾವ