ನಾಟಕ ನೋಡಿದವರಿಗೂ, ರೊಟ್ಟಿ ಕೊಟ್ಟವರಿಗೂ, ಪಟ್ಟಿ ಎತ್ತಿದವರಿಗೂ ಥ್ಯಾಂಕ್ಸ್

ಬಾದಾಮಿ ಬನಶಂಕರಿ ಜಾತ್ರಿ ಮುಗದು ನಾಟಕದ ಡೇರೆ ಎಲ್ಲಾ ಕಿತ್ತಾದ ಮ್ಯಾಲೇ ಬರಿಯೋಣು ಅಂತ ಸುಮ್ಮನಿದ್ವಿ, ಯಾಕಂದ್ರ ಲೆಕ್ಕ ಕೂಡೋಕಿಂತ ಮೊದ್ಲ ಥ್ಯಾಂಕ್ಸ್ ಹೇಳಾಕ ಕುಂತ್ರ ಅರ್ಧಾ ಮಂದಿ ಹೆಸರು ಬಿಟ್ಟು ಹೋಗ್ತಾವು, ಆಮ್ಯಾಲೆ ಬಸ್ ಸ್ಟ್ಯಾಂಡ್‌ನ್ಯಾಗ ಸಿಕ್ಕಾಗ ಮಾರಿ ತಿರುಗಸ್ತಾರ. ಈಗ ಲೆಕ್ಕ ಕೂಡೇತಿ. ನಮ್ಮ ಕಡೆ ಎಚ್‌ಐವಿ ಜೋಡಿ ಬದುಕಾಕತ್ತಿರೋ ಮಕ್ಕಳಿಗೆ, ಅವರ ಮನಿ ಮಂದಿಗೆ ನಮ್ಮ ಸಂಘ ಮಾಡೋ ಖರ್ಚಿಗೆ ಒಂದು ವರ್ಷಕ್ಕ ಆಗೋವಷ್ಟು ರೊಕ್ಕ ಕೂಡೇತ್ರೀ! ಹೋದ ವರ್ಷ ಇದ ಹೊತ್ತಿನ್ಯಾಗ ತತ್ತಿ ಅಂಗಡಿಯವರ ಬಾಕಿ ಕೊಡಾಕ ನಮ್ಮ ಹತ್ರ ಇರಲಿಲ್ಲ, ಅವರ ಅಂಗಡಿ ಮುಂದ ಹಾಯೋದು ಬಿಟ್ಟು ಹಿಂದಿನ ಓಣಿ ಹಿಡದು ಓಡಾಡ್ತಿದ್ವಿ.

ಬಾಳ ಮಂದಿ ಕೇಳ್ತಾರ, ಗುಳಿಗಿ ಸರ್ಕಾರದವರು ಪುಕ್ಕಟೆ ಕೊಡ್ತಾರಲ್ಲ ಮತ್ತ ನಿಮಗ ರೊಕ್ಕ ಯಾಕ ಬೇಕು ಅಂತ. ಕೇಳೋದು ತಪ್ಪಲ್ಲ. ಗುಳಿಗಿ ಖರೇನ ಪುಕ್ಕಟೆ, 2004ರ ಏಪ್ರಿಲ್ 1ರಿಂದ ನಮ್ಮ ದೇಶದಾಗ ಎಆರ್‌ಟಿ, ಅಂದ್ರ ಎಚ್‌ಐವಿ ಹತೋಟ್ಯಾಗ ಇಡೋ ಗುಳಿಗಿ, ಪುಕ್ಕಟೆ ಕೊಡಾಕತ್ತಾರ, ರಗತದಾಗ ವೈರಸ್ ಎಷ್ಟೈತಿ ಅಂತ ನೋಡೋ ವೈರಲ್ ಲೋಡ್ ಟೆಸ್ಟೂ ಪುಕ್ಕಟೆ. ಆದ್ರ ಗುಳಿಗಿ ಕೊಡೋ ಸೆಂಟರ್‌ಗೆ ಹೋಗಾಕ ಒಂದು ದಿನದ ಕೂಲಿ ಬಿಡಬೇಕು, ಹಳ್ಳಿಯಿಂದ ಮುಂಜಾನೆ ಮೊದಲ ಬಸ್ಸಿಗೆ ಬಂದ್ರ ಪಾಳಿ ಮುಗಿಯೋದ್ರಾಗ ಮಧ್ಯಾಹ್ನ, ಹೊಟ್ಟಿಗೇನರ ಬೇಕು, ಹುಡುಗ ಸಾಲಿ ತಪ್ಪಸ್ಬೇಕು. 2023ರ ಜೂನ್‌ನ್ಯಾಗ ಶಕ್ತಿ ಯೋಜನೆ ಬಂದ ಮ್ಯಾಲೆ ಹೆಣ್ಮಕ್ಕಳ ಬಸ್ ಚಾರ್ಜು ಉಳೀತು, ಅದಕ್ಕ ಎಷ್ಟು ಕೈ ಮುಗದ್ರೂ ಸಾಲದು, ಎಷ್ಟೋ ಅಕ್ಕಂದಿರು ಗುಳಿಗಿ ತಪ್ಪಸೋದು ಬಿಟ್ಟಿದ್ದು ಆಗಿಂದ ಅಂತ ನನಗ ಅನಸ್ತೈತಿ. ಆದ್ರ ಗಂಡಸರಿಗೆ, ಬೆಳದ ಗಂಡು ಹುಡುಗ್ರಿಗೆ ಟಿಕೆಟ್ ಐತಿ. ಅಪ್ಪ ಅವ್ವ ಇಲ್ಲದ ಹುಡುಗ, ಅಜ್ಜಿ ಮನ್ಯಾಗ ಇರೋನು, ಅಜ್ಜಿಗೆ ಪುಕ್ಕಟೆ ಟಿಕೆಟ್, ಹುಡುಗನ ಟಿಕೆಟ್ಟಿಗೆ ರೊಕ್ಕ ಇಲ್ಲ ಅಂತ ಅಜ್ಜಿ ಒಬ್ಬಾಕಿನ ಬಂದು ನಿಂತಿದ್ದು ನೋಡೇವಿ. ರಗತ ಕೊಡಬೇಕಾದಾಂವ ಊರಾಗ! ಇಂಥಾದ್ಕ ರೊಕ್ಕ ಬೇಕ್ರಿ. ತತ್ತಿ, ಶೇಂಗಾ ಉಂಡಿ, ಬಸ್ ಚಾರ್ಜು, ಒಮ್ಮೊಮ್ಮೆ ಸ್ಕ್ಯಾನಿಂಗ್, ಅಷ್ಟ.

ನಾಟಕದ ವಿಷಯಕ್ಕ ಬರ್ತೀನಿ. ಬನದ ಹುಣ್ಣಿವಿ ಜಾತ್ರಿಗೆ ಬಂದವರಿಗೆಲ್ಲಾ ಗೊತ್ತೈತಿ, ತೇರು ಒಂದು ದಿನದ್ದು, ನಾಟಕ ಒಂದು ತಿಂಗಳದ್ದು. ಸಾಲಾಗಿ ಕಂಪನಿ ಡೇರೆ, ರಾತ್ರಿ ಬೆಳತನಕ ಆಟ. ಅದರಾಗ ಒಂದು ಕಂಪನಿ ಮಾಲಕರು (ಹೆಸರು ಹಾಕಬ್ಯಾಡ್ರಿ ಅಂದಾರ, ಹಾಕಂಗಿಲ್ಲ) ಒಂದು ಆಟ ನಮಗ ಸಹಾಯಾರ್ಥ ಪ್ರದರ್ಶನ ಅಂತ ಬಿಟ್ಟುಕೊಟ್ರು. ಅವರಿಗೇನು ಬಾಳ ನಡದೈತಿ ಅಂತಲ್ಲ, ಮೊಬೈಲ್ ಬಂದ ಮ್ಯಾಲೆ ಕಂಪನಿ ನಡಸೋದು ಎಷ್ಟು ಕಷ್ಟ ಅಂತ ಅವರನ್ನ ಕೇಳಬೇಕು. ನಾವು ಕೇಳಾಕ ಹೋದಾಗ ಅಂಜಕೋತ ಹೋಗಿದ್ವಿ, ಎಚ್‌ಐವಿ ಅಂದಕೂಡ್ಲೆ ಚಾ ಕಪ್ಪು ಬ್ಯಾರೆ ಇಡೋ ಮಂದೀನೂ ನೋಡೇವಿ. ಅವರು ಕೇಳಿದ್ದು ಒಂದ ಮಾತು, "ಶನಿವಾರ ಬೇಕೋ, ಸೋಮವಾರ ಬೇಕೋ?" ಶನಿವಾರ ಅಂದ್ರ ಕಲೆಕ್ಷನ್ ಜಾಸ್ತಿ ಇರೋ ದಿನ. ಶನಿವಾರನ ಕೊಟ್ರು!

ಆ ರಾತ್ರಿ ಹಾಸ್ಯ ಪಾತ್ರ ಮಾಡಿದ ಕಲಾವಿದರಿಗೆ ನಾವು ಒಂದು ಚೀಟಿ ಬರಕೊಟ್ಟಿದ್ವಿ, ಇಂಟರ್ವಲ್‌ನ್ಯಾಗ ಓದ್ರಿ ಅಂತ. ಅವರು ಚೀಟಿ ನೋಡಿ ಜೇಬಿನ್ಯಾಗ ಇಟ್ಕೊಂಡು, ಆಟ ನಡದಾಗನ, ಸೀನಿನ ನಡುವ, ಹೆಂಡತಿ ಪಾತ್ರದಾಕಿಗೆ ಅಂದ್ರು: "ಬಿತ್ತೋ ಮುಂದ ಬೀಜಾ ನೋಡ್ತೀವಿ, ಎತ್ತು ತರೋ ಮುಂದ ಹಲ್ಲು ನೋಡ್ತೀವಿ, ಮದಿವಿ ಮಾಡೋ ಮುಂದ ಜಾತಕ ನೋಡ್ತೀವಿ, ರಗತ ಒಂದ ನೋಡಂಗಿಲ್ಲ ನೋಡು, ಅದಕ್ಕ ನಾಚಿಕಿ!" ಡೇರೆ ತುಂಬ ಸಿಳ್ಳು. ಆಮ್ಯಾಲೆ ನಿರೋಧ್ ಬಗ್ಗೆ ಅವರು ಆಡಿದ ಮಾತು ನಾನು ಇಲ್ಲಿ ಬರಿಯಾಕ ಆಗಂಗಿಲ್ಲ, ಆದ್ರ ಮುಂದಿನ ಸಾಲಿನ ಹೆಣ್ಮಕ್ಕಳೂ ಸೆರಗು ಬಾಯಿಗೆ ಹಿಡಕೊಂಡು ನಕ್ಕರು. ನಮ್ಮ ಪಾಂಪ್ಲೆಟ್ ಎಷ್ಟು ಹಂಚಿದ್ರೂ ಅದು ಶೇಂಗಾ ಕಟ್ಟಾಕ ಹೋಗ್ತೈತಿ, ಆ ಮಾತು ಮಾತ್ರ ಮರುದಿನ ಇಡೀ ಜಾತ್ರ್ಯಾಗ ಓಡಾಡ್ತು. ಒಂದು ಮಾತು ಸೇರಸ್ತೀನಿ, ಟೆಸ್ಟ್ ಮಾಡಸ್ಕೊಳ್ಳಾಕ ಯಾರಿಗೂ ಒತ್ತಾಯ ಮಾಡಂಗಿಲ್ಲ, ಅವರ ಒಪ್ಪಿಗಿ ಬೇಕ ಬೇಕು, ಕಾನೂನೂ ಅದನ್ನ ಹೇಳ್ತೈತಿ. ಹಾಸ್ಯದ ಅಣ್ಣಾರು ನಾಚಿಕಿ ಬಿಡಿಸಿದ್ರು, ಒತ್ತಾಯ ಮಾಡ್ಲಿಲ್ಲ.

ಇಂಟರ್ವಲ್‌ನ್ಯಾಗ ಸವಾಲು ಇಟ್ಟಿದ್ವಿ. ಇಳಕಲ್‌ದಿಂದ ಒಬ್ಬ ನೇಕಾರ ಅಕ್ಕಾರು ಟೋಪಿ ಸೆರಗಿನ ಸೀರಿ ಕೊಟ್ಟಿದ್ರು, ಗುಳೇದಗುಡ್ಡದಿಂದ ಖಣ ಬಂದಿದ್ವು. ಸೀರಿ ಸವಾಲಿಗೆ ಇಟ್ರ ಒಬ್ಬ ಯಜಮಾನ್ರು ಕೂಗಿ ಹಿಡಿದ್ರು, ರೊಕ್ಕ ಎಣಸಿ ಕೊಟ್ರು, ಸೀರಿ ವಾಪಸ್ ಸ್ಟೇಜಿಗೆ ಒಗದು "ಇನ್ನೊಮ್ಮೆ ಹಚ್ರಿ" ಅಂದ್ರು. ಇನ್ನೊಬ್ರು ಹಿಡಿದ್ರು, ಅವರೂ ವಾಪಸ್ ಕೊಟ್ರು. ಹಿಂಗ ಒಂದ ಸೀರಿ ಎಷ್ಟು ಸಲ ಮಾರೀತೋ ಲೆಕ್ಕ ಬರ್ಕೊಳ್ಳೋ ಹುಡುಗಿಗೆ ತಲಿ ಕೆಟ್ಟು ಹೋತು. ಕಡೀಕ ಸೀರಿ ಯಾರ ಮನಿಗೆ ಹೋತು ಅಂದ್ರ ನಾಟಕದಾಗ ಅವ್ವನ ಪಾರ್ಟ್ ಮಾಡಿದ ಹಿರೇ ಕಲಾವಿದೆಗೆ, ಕಡೀಗೆ ಹಿಡದವರು ಅವರಿಗೇ ಉಡಿ ತುಂಬಿ ಕೊಟ್ರು.

ರೊಟ್ಟಿ ಬುಟ್ಟಿ ಹೊತ್ತು ಗುಡಿ ಹೊಂಡದ ದಂಡಿಮ್ಯಾಲೆ ಕುಂದ್ರೋ ಅಕ್ಕಂದಿರಿಗೆ ಹೆಂಗ ಥ್ಯಾಂಕ್ಸ್ ಹೇಳೋದು ನನಗ ತಿಳೀವಲ್ದು, ಅವರು ಇದನ್ನ ಓದೋದೂ ಇಲ್ಲ, ಯಾರರ ಓದಿ ಹೇಳ್ರಿ. ನಮ್ಮ ಮಾಹಿತಿ ಸ್ಟಾಲಿನ ಹುಡುಗ್ರಿಗೆ ದಿನಾ ರೊಟ್ಟಿ, ಪುಂಡಿಪಲ್ಯ, ಮೊಸರು, ಕೆಂಪ ಚಟ್ನಿ, ರೊಕ್ಕ ಕೊಡಾಕ ಹೋದ್ರ ಕೈ ಸರಸೋರು. ಅವರಾಗ ಒಬ್ಬ ಆಯಿ ಮೊದಲ ದಿನ ರೊಟ್ಟಿ ಮ್ಯಾಲೆ ಪಲ್ಯ ಹಾಕ್ಕೋತ ಎಲ್ಲಾರ ಮುಂದ ದೊಡ್ಡ ದನಿ ತಗದು ಕೇಳಿದ್ರು, "ಎವ್ವಾ, ಆ ದೊಡ್ಡ ಜಡ್ಡು ಸೊಳ್ಳಿ ಕಡದ್ರ ಬರ್ತೈತೇನ?" ಸುತ್ತ ಇದ್ದ ಗಂಡಸರು ಒಮ್ಮೆಗೇ ಗಪ್ ಆದ್ರು, ಯಾಕಂದ್ರ ಎಲ್ಲಾರ ಮನಸ್ನ್ಯಾಗ ಇದ್ದದ್ದ ಅದು. ಬರಂಗಿಲ್ಲ ಆಯಿ ಅಂದ್ವಿ. ಒಂದ ತಾಟಿನ್ಯಾಗ ಉಂಡ್ರ? ಬರಂಗಿಲ್ಲ. ಜಳಕದ ನೀರಿನ್ಯಾಗ? ಇಲ್ಲ. ಹಂಗಾರ ಹೆಂಗ ಬರ್ತೈತಿ ಹೇಳು ಅಂದ್ರು, ಅಲ್ಲೇ ನಿಂತು ಹೇಳಿದ್ವಿ, ನಿರೋಧ್ ಇಲ್ಲದ ಸಂಬಂಧ, ಒಬ್ರಿಗೆ ಚುಚ್ಚಿದ ಸೂಜಿ ಇನ್ನೊಬ್ರಿಗೆ, ಟೆಸ್ಟ್ ಮಾಡಲಾರದ ರಗತ, ಅವ್ವನಿಂದ ಕೂಸಿಗೆ. "ಮತ್ತ ಇಷ್ಟಕ್ಕ ನನ್ನ ತಂಗಿ ಮಗಳನ್ನ ದನದ ಕೊಟಿಗ್ಯಾಗ ಯಾಕ ಮಲಗ್ಸಿದ್ರು?" ಅಂತ ಕೇಳಿದ್ರು ಆಯಿ. ಅದಕ್ಕ ನಮ್ಮ ಕಡೆ ಉತ್ತರ ಇರಲಿಲ್ಲ. ಆ ದಿನ ಮಧ್ಯಾಹ್ನದ ಮ್ಯಾಲೆ ಟೆಸ್ಟಿಂಗ್ ವ್ಯಾನಿನ ಮುಂದ ಪಾಳಿ ಹತ್ತಿದ್ದು ಆಯಿ ಕಾರಣಕ್ಕ, ನಮ್ಮ ಬ್ಯಾನರ್ ಕಾರಣಕ್ಕ ಅಲ್ಲ.

ಹಳೇದು ಒಂಚೂರು ಹೇಳ್ಬೇಕು, ಈಗಿನ ಹುಡುಗ್ರಿಗೆ ಗೊತ್ತಿಲ್ಲ. 2003ರ ಸುಮಾರಿಗೆ ನಮ್ಮ ಬಾಗಲಕೋಟಿ ಜಿಲ್ಲಾದಾಗ ಮನಿ ಮನಿ ತಿರುಗಿ ಸರ್ವೇ ಮಾಡಿದಾಗ ದೊಡ್ಡವರೊಳಗ ನೂರಕ್ಕ ಹತ್ರ ಹತ್ರ ಮೂರು ಮಂದಿಗೆ ಎಚ್‌ಐವಿ ಸಿಕ್ಕಿತ್ತು. ಗೋವಾ, ರತ್ನಾಗಿರಿ, ಪುಣೆ ಅಂತ ದುಡ್ಯಾಕ ಹೋದವರು ಬಾಳ, ಕೆಲಸ ಇಲ್ಲಿದ್ರ ಯಾರು ಹೋಗ್ತಿದ್ರು. ಆವಾಗ ಓಣಿ ಓಣಿ ತಿರುಗಿ ನಿರೋಧ್ ಹಂಚಿ, ಆಸ್ಪತ್ರಿಗೆ ಕೈ ಹಿಡದು ಕರ್ಕೊಂಡು ಹೋದವರು ಯಾರು ಅಂದ್ರ, ದೇವದಾಸಿ ಅಂತ ಬಿಟ್ಟ ಅಕ್ಕಂದಿರು. 1982ರ ಕಾನೂನು ಆ ಪದ್ಧತಿ ಬಂದ್ ಮಾಡೇತಿ, ಅವರ ಕಡೆ ಬೊಟ್ಟು ಮಾಡೋದು ಮಂದಿ ಬಂದ್ ಮಾಡಿಲ್ಲ. ಜಡ್ಡು ತಂದವರು ಅವರು ಅಂತ ಬೈದ್ರು, ಜಡ್ಡು ತಡದವರು ಅವರು ಅಂತ ಯಾರೂ ಹಾರ ಹಾಕ್ಲಿಲ್ಲ. ಈ ಸಲ ಆಟದ ಮೊದ್ಲು ಸ್ಟೇಜಿಗೆ ಕರದು ಶಾಲು ಹೊಚ್ಚಿದ್ದು ಅವರಿಗೆ. ಇದಕ್ಕ ಒಪ್ಪಿದ ಕಮಿಟಿ ಹಿರ್ಯಾರಿಗೆ ದೊಡ್ಡ ನಮಸ್ಕಾರ, ಒಪ್ಪಸಾಕ ಟೈಮ್ ಹಿಡೀತು, ಆದ್ರೂ ಒಪ್ಪಿದ್ರಲ್ಲ.

ನನ್ನ ಗೊತ್ತಿದ್ದವರಿಗೆ ಗೊತ್ತೈತಿ, ನಾನೂ ಪಾಸಿಟಿವ್. ನನ್ನ ಹೆರಿಗಿ ಆದ ಆಸ್ಪತ್ರ್ಯಾಗ ನನ್ನ ಕಾಟ್ ಮೂಲ್ಯಾಗ ಸರಿಸಿ ಕೆಂಪ ಅಕ್ಷರದಾಗ ಬರದು ತೂಗು ಹಾಕಿದ್ರು, ನೋಡಾಕ ಬಂದ ಬೀಗರೆಲ್ಲಾ ಅದನ್ನ ಓದೇ ಒಳಗ ಬಂದ್ರು. ಯಾವ ಆಸ್ಪತ್ರಿ ಅನ್ನೋದು ಬ್ಯಾಡ, ಈಗ ಹಂಗ ಮಾಡಿದ್ರ 2017ರ ಎಚ್‌ಐವಿ ಕಾನೂನಿನ ಪ್ರಕಾರ ಕೇಳಬಹುದು, 2018ರ ಸೆಪ್ಟೆಂಬರ್‌ದಿಂದ ಅದು ಜಾರಿ ಐತಿ, ಇದನ್ನ ಬಾಯಿಪಾಠ ಮಾಡ್ಕೋರಿ. ಆವಾಗ ಸಿಡಿ4 (ಜಡ್ಡಿನ ಜೋಡಿ ಬಡದಾಡೋ ರಗತದ ಕಣ) ಇಳಿಯೋ ತನಕ ಗುಳಿಗಿ ಕೊಡ್ತಿರಲಿಲ್ಲ. 2017ರಿಂದ ರಿಪೋರ್ಟ್ ಬಂದಕೂಡ್ಲೆ ಶುರು, ಈಗ ಬಾಳ ಮಂದಿಗೆ ದಿನಕ್ಕ ಒಂದ ಗುಳಿಗಿ. ತಪ್ಪಲಾರದಂಗ ತಗೊಂಡು, ಟೆಸ್ಟಿನ್ಯಾಗ ವೈರಸ್ ಕಾಣದಷ್ಟು ಇಳದು ಹಂಗ ಉಳಿದ್ರ, ಗಂಡ ಹೆಂಡತಿ ನಡುವ ಸಂಬಂಧದಿಂದ ದಾಟಂಗಿಲ್ಲ. ಇದನ್ನ ಸ್ಟಾಲಿನ್ಯಾಗ ಹೇಳಿದಾಗ ಬಾಳ ಮಂದಿ ನಂಬ್ಲಿಲ್ಲ, ಕೌನ್ಸೆಲರ್ ಮೇಡಂ ಕಡೆ ಹೋಗಿ ಮತ್ತೊಮ್ಮೆ ಕೇಳಿ ಬಂದ್ರು.

ಐಸಿಟಿಸಿ (ಸರ್ಕಾರದ ಎಚ್‌ಐವಿ ಸಲಹೆ, ಟೆಸ್ಟ್ ಸೆಂಟರ್) ಮಂದಿಗೆ, ಆಶಾ ಅಕ್ಕಂದಿರಿಗೆ ಬ್ಯಾರೆನ ಬರೀಬೇಕು. ಜಾತ್ರಿ ಧೂಳಿನ್ಯಾಗ ವ್ಯಾನ್ ಬಾಗಲಾ ಹಾಕ್ಕೊಂಡು, ಒಳಗ ಕುದಿಯೋ ಸೆಕೆ, ಒಬ್ಬೊಬ್ರನ್ನ ಕುಂದ್ರಿಸಿ ಟೆಸ್ಟಿನ ಮೊದ್ಲು ಮಾತು, ಟೆಸ್ಟಿನ ಮ್ಯಾಲೆ ಮಾತು. ಒಂದು ಟೆಸ್ಟ್ ನೋಡಿ ಯಾರಿಗೂ ಪಾಸಿಟಿವ್ ಅನ್ನಂಗಿಲ್ಲ, ಮೂರು ಬ್ಯಾರೆ ಬ್ಯಾರೆ ಕಿಟ್ಟಿನ್ಯಾಗ ಬರಬೇಕು, ಆ ತಾಳ್ಮಿ ಅವರಿಗಿತ್ತು. ಯಾರ ರಿಪೋರ್ಟ್ ಏನಾತು ಅಂತ ನಮಗೂ ಹೇಳಿಲ್ಲ, ಹೇಳಬಾರದು.

ನಮ್ಮ ಸಂಘದ ಒಬ್ಬ ತಂಗಿ ಕೂಸಿನ 18 ತಿಂಗಳ ಟೆಸ್ಟಿನ ರಿಪೋರ್ಟ್ ಜಾತ್ರಿ ವಾರದಾಗನ ಬಂತು, ನೆಗೆಟಿವ್. ಅವ್ವನಿಂದ ಎಚ್‌ಐವಿ ದಾಟಬಾರದಂತ ಆ ಕೂಸು ಹುಟ್ಟಿದಾಗ ಬಾಯಿಗೆ ಬಿಟ್ಟ ನೆವಿರಾಪಿನ್ ಸಿರಪ್, ಆರು ವಾರಕ್ಕ ಟೆಸ್ಟಿಗಂತ ಹಿಮ್ಮಡಿ ಚುಚ್ಚಿ ಕಾರ್ಡಿನ ಮ್ಯಾಲಿನ ಗುಂಡಾನ ಗೆರಿಯೊಳಗ ಒಂದೊಂದ ಹನಿ ರಗತ ಇಳಸಿದ್ದು, ಕೂಸು ಕಾಲು ಜಾಡಸ್ತಿದ್ರ ಲ್ಯಾಬಿನ ಅಣ್ಣಾರು "ಆತು ಆತು ನಮ್ಮಪ್ಪಾ, ಇನ್ನೊಂದ ಹನಿ" ಅಂತ ಜೋಗುಳದಂಗ ಅಂದದ್ದು, ಎಲ್ಲಾ ನೆನಪೈತಿ. ಅವತ್ತು ಆ ತಂಗಿ ಡೇರ್‍ಯಾಗ ಎಲ್ಲಾರಿಗೂ ಪೇಡೆ ಹಂಚಿದ್ಲು, ಏನ್ ವಿಶೇಷ ಅಂತ ಕೇಳಿದವರಿಗೆ ಮಗ ಪಾಸಾದ ಅಂದ್ಲು.

ರೊಕ್ಕ ಕೊಟ್ಟವರು: ಮಂಗಳೂರಾಗ ಗಾರೆ ಕೆಲಸಕ್ಕ ಇರೋ ನಮ್ಮೂರ ಹುಡುಗ್ರು ಫೋನ್‌ಪೇ ಮಾಡಿದ್ರು, ಕೆಲವರು ಐವತ್ತು, ಕೆಲವರು ನೂರು. ಬೆಂಗಳೂರಿನ ಸಾಫ್ಟ್‌ವೇರ್ ಮಂದಿ ದೊಡ್ಡ ಮೊತ್ತ ಕೊಟ್ರು, ರಸೀದಿ ಕಳಸೋದು ತಡಾ ಆದ್ರೂ ಬೈಲಿಲ್ಲ. ಹೈಸ್ಕೂಲ್ ಹುಡುಗ್ಯಾರು ಓಣ್ಯಾಗ ಪಟ್ಟಿ ಎತ್ತಿ ಚಿಲ್ಲರೆ ತುಂಬಿದ ಡಬ್ಬಿ ತಂದ್ರು, ಅದನ್ನ ಎಣಸಾಕ ಒಂದು ಸಂಜಿ ಹೋತು. ಒಬ್ಬ ಸಾಹೇಬ್ರು ಮಾತ್ರ, ಚೆಕ್ ಕೊಡ್ತೀನಿ, ಮಕ್ಕಳನ್ನ ಸಾಲಾಗಿ ನಿಲ್ಲಸ್ರಿ ಫೋಟೋ ಬೇಕು ಅಂದ್ರು. ಮಕ್ಕಳ ಮಾರಿ ತೋರ್ಸಂಗಿಲ್ರಿ ಅಂದ್ವಿ. ಹಿಂದಿನಿಂದ ತಗೀತೀನಿ ಅಂದ್ರು. ಅದೂ ಆಗಂಗಿಲ್ರಿ, ನಮ್ಮೂರು ಸಣ್ಣದು, ಅಂಗಿ ನೋಡೇ ಯಾರ ಮಗ ಅಂತ ಹೇಳ್ತಾರ ಅಂದ್ವಿ. ಚೆಕ್ ಒಳಗಿಟ್ಕೊಂಡು ಹೋದ್ರು. ಅವರಿಗೂ ಒಂದು ಥ್ಯಾಂಕ್ಸ್ ಇರ್ಲಿ, ರೊಕ್ಕ ಬಿಟ್ಟುಕೊಡಾಕ ನಮಗ ಧೈರ್ಯ ಐತಿ ಅಂತ ಅವತ್ತ ಗೊತ್ತಾತು.

ಲೆಕ್ಕ ಸಂಘದ ಆಫೀಸಿನ ಗ್ವಾಡಿಗೆ ಅಂಟಸೇವಿ, ಯಾರು ಬೇಕಾದ್ರೂ ಬಂದು ಓದಬಹುದು. ಆಫೀಸಿಗೆ ಬರೋದು ಯಾರರ ನೋಡಿದ್ರ ಅಂತ ಮುಜುಗರ ಅನ್ನಸಿದ್ರ ಫೋನ್ ಮಾಡ್ರಿ, ಓದಿ ಹೇಳ್ತೀವಿ. ಮೊದಲ ಕೆಲಸ ತತ್ತಿ ಅಂಗಡಿ ಬಾಕಿ ತೀರಿಸಿದ್ದು, ಅಂಗಡಿ ಅಣ್ಣಾರು ಬಡ್ಡಿ ತಗೋಳ್ಲಿಲ್ಲ, ಮ್ಯಾಲೆ ಒಂದು ಟ್ರೇ ತತ್ತಿ ಕೊಟ್ರು. ಬಸ್ ಚಾರ್ಜಿನ ರೊಕ್ಕ ಬ್ಯಾರೆ ಅಕೌಂಟಿನ್ಯಾಗ ಇಟ್ಟೇವಿ, ಅದನ್ನ ಬ್ಯಾರೆ ಯಾವುದಕ್ಕೂ ಮುಟ್ಟಂಗಿಲ್ಲ. ಎಸ್ಸೆಸ್ಸೆಲ್ಸಿ ಬರಿಯೋ ಹುಡುಗ್ರಿಗೆ ಟ್ಯೂಷನ್ ಫೀ ಕೊಡಬೇಕಂತ ಐತಿ, ಗಣಿತ, ಇಂಗ್ಲಿಷ್ ಹೇಳಾಕ ಯಾರರ ಬರ್ತೀರಿ ಅಂದ್ರ ಆ ರೊಕ್ಕಾನೂ ಉಳೀತೈತಿ, ವಾರಕ್ಕ ಎರಡು ಸಂಜಿ ಸಾಕು. ಟೆಸ್ಟ್ ಎಲ್ಲಿ, ಗುಳಿಗಿ ಎಲ್ಲಿ ಅಂತ ಕೇಳೋರು 1097ಕ್ಕ ಫೋನ್ ಮಾಡ್ರಿ, ರೊಕ್ಕ ಹತ್ತಂಗಿಲ್ಲ, ಹೆಸರು ಹೇಳೋದೂ ಬ್ಯಾಡ. ಇನ್ನ, ಡೇರ್‍ಯಾಗ ಬಿಟ್ಟು ಹೋದ ಎರಡು ಚಾದರ, ಒಂದು ಊಟದ ಡಬ್ಬಿ ನಮ್ಮ ಹತ್ರ ಅದಾವು, ಯಾರದೋ ಬಂದು ಒಯ್ರಿ.